ಕಾಟಮ್ಮನ ಸೀಟು

ಜವನಗೊಂಡನಹಳ್ಳಿಯಲ್ಲಿ ಕುರಿ ಕಾಯುವ ಕಾಟಮ್ಮ ಹಿರಿಯೂರು ಬಸ್ಸು ಹತ್ತಿದರೆ ಮೊದಲು ಕಿಟಕಿಗಳು ತೆರೆಯುತ್ತವೆ, ಆಮೇಲೆ ಕಾಟಮ್ಮನ ಬಾಯಿ: "ಮೂಗು ನಿಮ್ದು, ಬೇಕಾದ್ರೆ ಮುಚ್ಕಳ್ರಿ. ಮೈ ನಂದು, ಮನೇಲಿ ಬಿಟ್ಟು ಬರಾಕಾಗಲ್ಲ." ಹೀಗೆಂದು ಎಲ್ಲರ ನಡುವಿನ ಸೀಟನ್ನೇ ಆರಿಸಿ, ಕಾಲು ಮಡಚಿ ಕೂರುತ್ತಾಳೆ. ಮದುವೆ ಊಟದಲ್ಲಿ ಪಕ್ಕದವರು ಸರಿದು ಕೂತರೆ ತಾನೂ ಅಷ್ಟೇ ಸರಿಯುತ್ತಾಳೆ, ಅವರ ಕಡೆಗೇ. ಸೊಸೆ ಸುಪ್ರಿಯಾ ತಂದುಕೊಟ್ಟ ಸೆಂಟನ್ನು "ನೊಣ ಓಡ್ಸಾಕೆ ಚೆನ್ನಾಗೈತೆ" ಎಂದು ಎಮ್ಮೆಗೆ ಸಿಂಪಡಿಸುತ್ತಾಳೆ. ಆದರೆ ಹೋದ ವರ್ಷದವರೆಗೆ ಎಪ್ಪತ್ತು ದಾಟಿದ ಇದೇ ಕಾಟಮ್ಮ, ದಿನಕ್ಕೆರಡು ಸಲ ಮೈ ಕೆಂಪಾಗುವಂತೆ ತಿಕ್ಕಿ ಮಿಂದರೂ, ಮೈಗಂಟಿದ ಕುರಿ ವಾಸನೆಗೆ ನಾಚಿ ಬಸ್ಸಿನ ಬಾಗಿಲ ಬಳಿ ನಿಂತೇ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಆ ಸೆಂಟನ್ನು ಕುತ್ತಿಗೆಗೂ ಕೈಗೂ ಬಳಿದುಕೊಂಡಳು. ಕುರಿರೊಪ್ಪಕ್ಕೆ ಹೋಗಿ, ತಾನೇ ಹಾಲು ಕುಡಿಸಿ ಬೆಳೆಸಿದ ಕುರುಡು ಕುರಿಯ ಮುಂದೆ ಮಾತಾಡದೆ ಕೈ ಚಾಚಿದ್ದನ್ನು ಸುಪ್ರಿಯಾ ಕಣ್ಣಾರೆ ನೋಡಿದ್ದಾಳೆ. ಕುರಿ ಮೂಸಿತು, ಹಿಂದೆ ಸರಿಯಿತು, ಎದುರಿಗೇ ನಿಂತಿದ್ದ ಕಾಟಮ್ಮನನ್ನು ಹುಡುಕುತ್ತ ರೊಪ್ಪದ ತುಂಬ ಅರಚಿಕೊಂಡು ಓಡಾಡಿತು. ಅಂದಿನಿಂದ ಸೆಂಟು ಎಮ್ಮೆಗೆ, ನಡುವಿನ ಸೀಟು ಕಾಟಮ್ಮನಿಗೆ.