ಸ್ವಲ್ಪ ಸರೀರಿ

ಗದಗಿನಿಂದ ಮುಂಡರಗಿಗೆ ಹೋಗುವ ಬಸ್ಸಿನಲ್ಲಿ ನೀವೊಮ್ಮೆ ಕುಳಿತು ನೋಡಬೇಕು. ಮೂರು ಮಂದಿಯ ಸೀಟಿನ ತುದಿಯಲ್ಲಿ ಅರ್ಧಾಂಗವನ್ನಷ್ಟೇ ಪ್ರತಿಷ್ಠಾಪಿಸಲು ಸಾಧ್ಯವಾದ ನಾಲ್ಕನೆಯವನು ‘ಸ್ವಲ್ಪ ಸರೀರಿ’ ಎಂದು ವಿನಂತಿಸಿಕೊಂಡರೆ, ಕಿಟಕಿಯ ಪಕ್ಕದ ಮಹಾನುಭಾವರು ‘ಸರಿ ಸರಿ’ ಎಂದು ಗಂಭೀರವಾಗಿ ತಲೆಯಾಡಿಸಿ ಕೂತಲ್ಲೇ ಕೂತಿರುತ್ತಾರೆ. ಜಾಗ ಬಿಡು ಎಂಬುದಕ್ಕೂ ನಿನ್ನ ಮಾತಿಗೆ ಒಪ್ಪಿದೆ ಎಂಬುದಕ್ಕೂ ಒಂದೇ ಶಬ್ದವನ್ನಿಟ್ಟ ನಮ್ಮ ಪೂರ್ವಿಕರು ಕಿಟಕಿಯ ಪಕ್ಕ ಕುಳಿತವರೇ ಇರಬೇಕೆಂದು, ಜನ್ಮವಿಡೀ ಶಾಲೆಯಲ್ಲಿ ವ್ಯಾಕರಣ ಕಲಿಸಿದ ನನ್ನ ಗುಮಾನಿ. ಈ ಎರಡಕ್ಷರ ನನ್ನನ್ನು ನಮ್ಮೂರು ಬೆಟಗೇರಿಯಿಂದ ಎಳೆದೊಯ್ದು ಆಫ್ರಿಕಾದ ಜಾಂಬೆಜಿ ನದಿಯಲ್ಲಿ ನೀರಾನೆಯ ಎದುರು ಕೂಡ್ರಿಸಿದ ವೃತ್ತಾಂತವನ್ನು ಹೇಳುತ್ತೇನೆ.

ಆರು ವರ್ಷದ ಹಿಂದೆ ನಮ್ಮ ಹೊಸ ಮನೆಯ ವಾಸ್ತುಶಾಂತಿ. ನನ್ನ ಹೆಂಡತಿ ಗಿರಿಜಾಳ ತಮ್ಮ, ಹುಲಕೋಟಿಯ ಗುರುಸಿದ್ದ, ಆ ಮನೆಗೆ ನನಗಿಂತ ಹೆಚ್ಚು ದುಡಿದವನು. ಗೋಡೆಗೆ ನೀರು ಹೊಡೆಯುವುದರಿಂದ ಹಿಡಿದು ಬಾಗಿಲಿಗೆ ಬಣ್ಣ ಬಳಿಯುವತನಕ ಎಲ್ಲವನ್ನೂ ನಿಂತು ಮಾಡಿಸಿದ್ದ. ಆ ದಿನ ಮನೆಮಂದಿಯೆಲ್ಲ ಬಾಗಿಲ ಮುಂದೆ ಫೋಟೋಕ್ಕೆ ನಿಂತಾಗ ತೋರಣ ಮರೆಯಾಗುತ್ತದೆಂದು ಫೋಟೋಗ್ರಾಫರ್ ಗೊಣಗಿದ. ನಾನು ‘ಗುರುಸಿದ್ದಾ, ಸ್ವಲ್ಪ ಸರಿ’ ಎಂದೆ. ಸರಿದ. ‘ಇನ್ನೂ ಸ್ವಲ್ಪ’ ಎಂದೆ. ಮತ್ತೂ ಸರಿದ. ಫೋಟೋದಲ್ಲಿ ತೋರಣ ಬಹಳ ಚಂದ ಬಂತು. ಗುರುಸಿದ್ದನದು ಒಂದು ಮೊಣಕೈ ಬಂತು. ಅವನು ಉಣ್ಣದೇ ಎದ್ದುಹೋದ. ಹುಲಕೋಟಿಗೆ ಹೋದ, ಅಲ್ಲಿಂದ ಮುಂಬೈಗೆ ಹೋದ, ಕೊನೆಗೆ ಜಾಂಬಿಯಾ ದೇಶದ ಒಂದು ಕಬ್ಬಿನ ತೋಟದಲ್ಲಿ ಪಂಪಿನ ಮೇಸ್ತ್ರಿಯಾಗಿ ನಿಂತ. ಸ್ವಲ್ಪ ಸರಿ ಎಂದರೆ ಖಂಡವನ್ನೇ ದಾಟಿ ಸರಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಅಂದಿನಿಂದ ನಮ್ಮಿಬ್ಬರ ನಡುವೆ ಮಾತೇ ಇರಲಿಲ್ಲ.

ಈಗ ಮಗಳ ಲಗ್ನ ಗೊತ್ತಾಯಿತು. ಸೋದರಮಾವನಿಲ್ಲದ ಲಗ್ನವೆಂದರೇನು? ನಾನು ನಾಚಿಕೆ ಬಿಟ್ಟು ಫೋನು ಮಾಡಿದರೆ ಅವನು ‘ನೋಡೋಣ್ರಿ’ ಎಂದ. ಅದು ಬರುವುದಿಲ್ಲ ಎಂಬುದರ ಸಭ್ಯ ರೂಪವೆಂದು ನಮ್ಮ ಕಡೆ ಕೂಸಿಗೂ ಗೊತ್ತು. ಗಿರಿಜಾ ಕಡ್ಡಿ ಮುರಿದಂತೆ ಹೇಳಿದಳು: ‘ನನ್ನ ತಮ್ಮ ಬರಲಿಲ್ಲಂದ್ರ ನಾನೂ ಹಂದರದಾಗ ಕಾಲಿಡಂಗಿಲ್ಲ. ಕಳಿಸಿದವರು ನೀವು, ನೀವ ಹೋಗಿ ಕರದು ಬರ್ರಿ.’ ಹೀಗೆ, ಲಕ್ಷ್ಮೇಶ್ವರದಾಚೆ ಹೋಗಬೇಕೆಂದರೆ ಎರಡು ದಿನ ಯೋಚಿಸುವ ನಾನು, ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಗಂಟು ಕಟ್ಟಿಕೊಂಡು ವಿಮಾನ ಹತ್ತಿದೆ.

ಗುರುಸಿದ್ದ ಉಪಚಾರದಲ್ಲಿ ಏನೂ ಕಡಿಮೆ ಮಾಡಲಿಲ್ಲ. ಆದರೆ ಲಗ್ನದ ಮಾತು ತೆಗೆಯಲು ಮೂರು ದಿನ ನನಗೆ ಬಾಯಿ ಬರಲಿಲ್ಲ, ಅವನು ತೆಗೆಯಲಿಲ್ಲ. ನಾಲ್ಕನೆಯ ದಿನ ಮೀನು ಹಿಡಿಯಲು ಕರೆದೊಯ್ದ. ಜನ್ಮದಲ್ಲಿ ಮೀನು ತಿನ್ನದವನಿಗೆ ಇದೆಂಥ ಹವ್ಯಾಸವೋ! ಹಿಟ್ಟಿನ ಉಂಡೆ ಗಾಳಕ್ಕೆ ಸಿಕ್ಕಿಸಿ ಮೀನು ಹಿಡಿಯುತ್ತಾನೆ, ಮೆಲ್ಲಗೆ ಗಾಳ ಬಿಡಿಸುತ್ತಾನೆ, ‘ತಪ್ಪಾತಪಾ’ ಎಂದು ಮೀನಿಗೆ ಕೈಮುಗಿದು ನೀರಿಗೆ ಬಿಡುತ್ತಾನೆ. ಅದೇ ಮಾತನ್ನು ಅವನಿಗೆ ಹೇಳಲೆಂದು ಸಮುದ್ರ ದಾಟಿ ಬಂದ ನಾನು, ನನ್ನ ಗಾಳಕ್ಕೆ ನನ್ನದೇ ಟೊಪ್ಪಿಗೆಯನ್ನು ಸಿಕ್ಕಿಸಿಕೊಂಡು ಸುಮ್ಮನೆ ಕುಳಿತಿದ್ದೆ. ಒಂದು ದಂಡೆಯಲ್ಲಿ ಆನೆಗಳು ಮೈತೊಳೆಯುತ್ತಿದ್ದವು. ಇನ್ನೊಂದರಲ್ಲಿ ಮೊಸಳೆಗಳು, ಊಟ ಮುಗಿಸಿ ಕಟ್ಟೆಗೆ ಒರಗಿದ ಹಿರಿಯರಂತೆ, ಬಾಯಿ ತೆರೆದು ಬಿದ್ದಿದ್ದವು.

ತಿರುಗಿ ಬರುವಾಗ ಜೊಂಡಿನ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ನೀರಾನೆಯೊಂದು ದೋಣಿಯ ಎಡಕ್ಕೆ ಮೇಲೆದ್ದು ಅಡ್ಡ ನಿಂತಿತು. ಅದು ಆಕಳಿಸಿದಾಗ ಕಂಡ ಬಾಯಿಯಲ್ಲಿ ನಾನು, ನನ್ನ ಗಂಟು, ನನ್ನ ವ್ಯಾಕರಣ ಸಮೇತ ಆರಾಮಾಗಿ ಹಿಡಿಸುತ್ತಿದ್ದೆ. ಮೋಸೆಸ್ ಎಂಬ ನಮ್ಮ ಅಂಬಿಗ ಎಂಜಿನ್ ಬಂದ್ ಮಾಡಿ, ಅದು ತಾನಾಗಿ ಹೋಗುವವರೆಗೆ ಕಾಯಬೇಕೆಂದು ಸನ್ನೆ ಮಾಡಿದ. ನಾನು ಅಂಜಿ ಬಲಕ್ಕೆ ಒತ್ತಿ ಕೂತಿದ್ದರಿಂದ ದೋಣಿ ವಾಲಿತ್ತು. ನನ್ನನ್ನು ಎಡಕ್ಕೆ ಕೂಡ್ರಿಸೆಂದು ಮೋಸೆಸ್ ಅವಸರವಾಗಿ ಗುರುಸಿದ್ದನ ಕಿವಿಯಲ್ಲಿ ಹೇಳಿದ.

ಗುರುಸಿದ್ದ ನನ್ನನ್ನೇ ನೋಡಿದ. ‘ಮಾವಾರ, ಸ್ವಲ್ಪ ಸರೀರಿ’ ಎಂದ.

ನೀರಾನೆಯ ದಿಕ್ಕಿಗೆ ಸರಿದೆ.

‘ಇನ್ನೂ ಸ್ವಲ್ಪ.’

ಸರಿದೆ. ದೋಣಿ ಸಮವಾಯಿತು, ಮೋಸೆಸ್ ಸಾಕೆಂದು ಕೈಯೆತ್ತಿದ. ಗುರುಸಿದ್ದ ಮಾತ್ರ ಕಣ್ಣು ಕೀಳದೆ ‘ಇನ್ನೂ ಸ್ವಲ್ಪ’ ಎಂದ. ನನ್ನ ಬೆನ್ನು ದೋಣಿಯ ಅಂಚಿಗೆ ತಾಗಿತ್ತು. ‘ಎಲ್ಲಿಗಂತ ಸರೀಲೋ? ಇನ್ನ ಸರದ್ರ ನೀರಾಗ ಬೀಳ್ತೀನಿ’ ಎಂದು ಪಿಸುಗುಟ್ಟಿದೆ.

‘ಅವತ್ತು ನನಗೂ ಹಂಗ ಆಗಿತ್ರಿ’ ಎಂದ ಗುರುಸಿದ್ದ.

ಮೂರು ದಿನದಿಂದ ಬಾಯಲ್ಲಿ ಸಿಕ್ಕಿಕೊಂಡಿದ್ದದ್ದು ಆಗ ಹೊರಬಿತ್ತು. ‘ತಪ್ಪಾತೋ ತಮ್ಮಾ. ಮನಿ ಕಟ್ಟಿಸಿದವನನ್ನ ಹೊರಗ ಹಾಕಿ ತೋರಣದ ಫೋಟೋ ತಗಸಿದೆ. ನೀ ಬರಬೇಕು, ಕರಿಯಾಕ ಬಂದೀನಿ.’ ಹೇಳುತ್ತಾ ಹೇಳುತ್ತಾ ಅಳು ಬಂತು, ಒರೆಸಿಕೊಳ್ಳಲು ನಾಚಿಕೆಯಾಗಲಿಲ್ಲ. ಯಾವಾಗಲೋ ನೀರಾನೆ ಮುಳುಗಿ ತನ್ನ ಪಾಡಿಗೆ ಹೊರಟುಹೋಗಿತ್ತು, ನಾವು ನೋಡಿರಲಿಲ್ಲ.

‘ಲಗ್ನ ಯಾವತ್ತರಿ?’ ಎಂದು ಕೇಳಿದ. ನೋಡಿ ನನ್ನ ಗತಿ, ಅಷ್ಟು ದೂರ ಕರೆಯಲು ಬಂದವನಿಗೆ ಅಂಜಿಕೆಯಲ್ಲಿ ಮಗಳ ಲಗ್ನದ ತಾರೀಖೇ ಮರೆತುಹೋಗಿತ್ತು. ಕೊನೆಗೆ ಅವನೇ ತಾರೀಖು ಹೇಳಿದ.

‘ಅಕ್ಕ ಫೋನ್ ಮಾಡಿದ ದಿನಾನ ಟಿಕೀಟು ತಗಸೀನ್ರಿ. ಆಕೀಗೂ ಗೊತ್ತೈತಿ. ಅವರಿಗೆ ಹೇಳಬ್ಯಾಡ, ಒಮ್ಮೆ ಅವರ ಬಂದು ಕರೀಲಿ ಅಂತ ಆಕೀನ ಅಂದಿದ್ಲು.’

ನಾನು ಎದ್ದು ಅವನನ್ನು ತಬ್ಬಿಕೊಂಡೆ. ದೋಣಿ ಗಕ್ಕನೆ ಒಂದು ಕಡೆ ವಾಲಿತು, ಮೋಸೆಸ್ ತನ್ನ ಭಾಷೆಯಲ್ಲಿ ಏನೋ ಚೀರಿದ. ಅರ್ಥ ಕೇಳದೆಯೇ ಇಬ್ಬರೂ ಸರಿದು ಕುಳಿತೆವು.