ಹುರುಳಿ ಹಾಸಿದ ರಸ್ತೆಯಲ್ಲಿ ನಾನು ಬಿದ್ದದ್ದು

ನಾನು ಮೋಟಾರ್ ಸೈಕಲ್ಲಿನಿಂದ ಬಿದ್ದದ್ದು ಮಾರಮ್ಮನ ಸಿಟ್ಟಿನಿಂದಲ್ಲ. ಹುರುಳಿಯ ಮೇಲೆ ಜಾರಿ ಬಿದ್ದೆ. ಇಷ್ಟು ಸರಳವಾದ ಸಂಗತಿಯನ್ನು ಈ ವಯಸ್ಸಿನಲ್ಲಿ ಬರೆದಿಡಬೇಕಾಗಿ ಬಂದಿರುವುದಕ್ಕೆ ಕಾರಣ, ನಮ್ಮ ನಂಟರ ಮನೆಗಳಲ್ಲಿ ಇವತ್ತಿಗೂ ಮಾರಮ್ಮನ ಕಥೆಯನ್ನೇ ಮಕ್ಕಳಿಗೆ ಹೇಳುತ್ತಿರುವುದು. ಮೊನ್ನೆ ಒಂದು ಮದುವೆಯ ಪಂಕ್ತಿಯಲ್ಲಿ, ನನ್ನ ಎದುರಿಗೇ, ನನ್ನ ಕುಂಟುಗಾಲನ್ನೇ ತೋರಿಸಿ ಹೇಳಿದರು. ಬಿದ್ದವನು ಅಲ್ಲೇ ಕೂತು ಹಪ್ಪಳ ಮುರಿಯುತ್ತಿದ್ದಾನೆ; ಅವನನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ನಮ್ಮ ತಾಲ್ಲೂಕು ಕೊಯಮತ್ತೂರಿನ ಕೈಬಿಟ್ಟು ಮೈಸೂರಿಗೆ ಸೇರಿ ಹತ್ತು ಹನ್ನೆರಡು ವರ್ಷ ಕಳೆದಿದ್ದ ಕಾಲ ಅದು. ಕೊಳ್ಳೇಗಾಲದಲ್ಲಿ ನಮ್ಮದು ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಮನೆ. ನೂಲಿನ ವ್ಯಾಪಾರ ಅಣ್ಣನದು. ಹನೂರಿನ ಕಡೆಯ ಹಳ್ಳಿಗಳನ್ನು ಸುತ್ತಿ ಗೂಡು ಕೊಂಡು ತರುವ ಕೆಲಸ ನನ್ನದು. ಗೂಡು ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬೀಳುತ್ತದೆ. ತೂತುಬಿದ್ದ ಗೂಡಿನಿಂದ ಎಳೆ ಬರುವುದಿಲ್ಲ. ಬಸ್ಸಿಗೆ ಕಾದು ಮಾಡುವ ವ್ಯಾಪಾರವಲ್ಲ ಇದು ಎಂದು ಹಠ ಹಿಡಿದು, ಮನೆಯ ವ್ಯಾಪಾರದ ದುಡ್ಡಿನಲ್ಲಿ ಹಳೆಯದೊಂದು ಮೋಟಾರ್ ಸೈಕಲ್ ತಂದಿದ್ದೆ. ಅದು ಕೈತಪ್ಪಿದರೆ ನನಗೆ ಉಳಿಯುತ್ತಿದ್ದದ್ದು ಅಣ್ಣನ ಅಂಗಡಿಯ ಚಾಪೆ. ಶಾಲೆ ಬಿಡಿಸಿ ನನ್ನನ್ನು ಚಿಕ್ಕಂದಿನಲ್ಲಿ ಕೂರಿಸಿದ್ದು ಆ ಚಾಪೆಯ ಮೇಲೆಯೇ. ಅಲ್ಲಿ ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೈಗೆ ಸಿಕ್ಕ ಕನ್ನಡ, ತಮಿಳು ಪುಸ್ತಕಗಳನ್ನೆಲ್ಲ ಓದಿ ನಾನು ಬೆಳೆದವನು. ಮತ್ತೆ ಅಲ್ಲಿಗೆ ಮರಳುವುದೆಂದರೆ ನನಗೆ ಜೀವಂತ ಸಮಾಧಿ.

ಹನೂರಿನ ರಸ್ತೆಗೆ ಡಾಂಬರು ಬಿದ್ದ ಮೇಲೆ ಆ ಕಡೆಯ ಊರಿನವರು ಕಣ ಮಾಡುವುದನ್ನೇ ಮರೆತರು. ಹಿಂದೆ ನೆಲ ಕೆತ್ತಿ, ಸಗಣಿ ಸಾರಿಸಿ, ಎತ್ತು ಕಟ್ಟಿ ಗುಂಡುಕಲ್ಲು ಎಳೆಸಿ ಒಕ್ಕುತ್ತಿದ್ದವರು, ಈಗ ಒಣಗಿದ ಹುರುಳಿ ಗಿಡಗಳನ್ನು ರಸ್ತೆಯ ಉದ್ದಗಲಕ್ಕೂ ಹರಡಿ, ಹುಣಸೆಮರದ ನೆರಳಿನಲ್ಲಿ ಕೂತು ಬೀಡಿ ಹಚ್ಚುತ್ತಿದ್ದರು. ಬಸ್ಸು ಲಾರಿಗಳು ಅವರ ಕೂಲಿಯಾಳುಗಳಂತೆ ತುಳಿದು, ಒಕ್ಕಿಕೊಟ್ಟು ಹೋಗುತ್ತಿದ್ದವು. ಬಸ್ಸಿನ ಗಾಲಿಗೆ ಅದು ಬರಿಯ ಹುಲ್ಲು. ಎರಡು ಗಾಲಿಯವನಿಗೆ ಮಾತ್ರ, ಸಿಪ್ಪೆಯೊಡೆದು ಡಾಂಬರಿನ ಮೇಲೆ ಉದುರಿದ ಒಂದೊಂದು ಕಾಳೂ ಬೇರಿಂಗಿನ ಗುಂಡು.

ಹನೂರಿನಿಂದ ಗೂಡಿನ ಮೂಟೆ ಕಟ್ಟಿಕೊಂಡು ಹಿಂದಿರುಗುವಾಗ, ನನ್ನ ಅಕ್ಕನನ್ನು ಕೊಟ್ಟಿದ್ದ ಊರಿನ ತಿರುವಿನಲ್ಲಿ ಮುಂದಿನ ಗಾಲಿ ನನ್ನ ಕೈಮೀರಿ ಹೋಯಿತು. ತಲೆಗೆ ಟವೆಲ್ಲು, ಉಟ್ಟದ್ದು ಪಂಚೆ, ಕಾಲಿಗೆ ಹವಾಯಿ ಚಪ್ಪಲಿ: ನನ್ನ ಮೈಮೇಲಿದ್ದ ರಕ್ಷಣೆ ಅಷ್ಟೇ. ಬಲಗಾಲು ಗಾಡಿಯ ಅಡಿಗೆ ಸಿಕ್ಕಿ ಮುರಿಯಿತು. ಕಿವಿಯ ಮೇಲ್ಗಡೆ ತಲೆ ಒಡೆಯಿತು. ಎಡಮೊಣಕಾಲಿನ ಚರ್ಮ ರಸ್ತೆಯಲ್ಲೇ ಉಳಿಯಿತು. ಪ್ರಜ್ಞೆ ಪೂರ್ತಿ ತಪ್ಪಿರಲಿಲ್ಲ. ಆದ್ದರಿಂದಲೇ ನನ್ನ ಕಿವಿಗೆ ಬಿದ್ದ ಮೊದಲ ಮಾತು ನನಗೆ ಚೆನ್ನಾಗಿ ನೆನಪಿದೆ.

"ಲೇ, ಮೊದ್ಲು ಕಾಳು ಬಳೀರ್ಲಾ ಅತ್ಲಾಗೆ! ನೆತ್ರ ಅರೀತದೆ!"

ಅದು ನನ್ನ ಭಾವನ ದನಿ. ಹುರುಳಿಯೂ ಅವರದೇ. ಬಿದ್ದವನು ಯಾರೆಂದು ಅವರಿಗೆ ಆಗ ತಿಳಿದಿರಲಿಲ್ಲ, ಒಪ್ಪುತ್ತೇನೆ. ಹತ್ತಿರ ಬಂದು ಮುಖ ನೋಡಿ, "ಅಯ್ಯಯ್ಯೋ, ನಮ್ ಭಾಮೈದ ಕಣ್ರಲಾ!" ಎಂದು ಬಾಯಿ ಬಡಿದುಕೊಂಡರು. ಆದರೆ ಯಾರೋ ದಾರಿಹೋಕನಾಗಿದ್ದರೆ ಕಾಳಿನ ನಂತರವೇ ಅವನ ಸರದಿ ಎಂಬುದೂ ನನಗೆ ಅಲ್ಲೇ ತಿಳಿದುಹೋಯಿತು. ನನ್ನನ್ನು ಎತ್ತಿನ ಗಾಡಿಗೆ ಹತ್ತಿಸುವ ಹೊತ್ತಿಗೆ ರಸ್ತೆ ಗುಡಿಸಿದ ಅಂಗಳದಂತೆ ಸ್ವಚ್ಛವಾಗಿತ್ತು.

ಆಸ್ಪತ್ರೆಯಲ್ಲಿ ಕಾಲಿಗೆ ತೊಡೆಯವರೆಗೆ ಸಿಮೆಂಟಿನಂಥ ಕಟ್ಟು ಹಾಕಿದರು. ಮಾರನೆಯ ದಿನ ಭಾವ ಎಳನೀರು ಹಿಡಿದುಕೊಂಡು ಬಂದು, ಮಂಚದ ಸುತ್ತ ನೆರೆದಿದ್ದ ನಮ್ಮವರಿಗೆಲ್ಲ ಕಾರಣ ವಿವರಿಸತೊಡಗಿದರು. ತಿರುವಿನಾಚೆ ಮಾರಮ್ಮನ ಒಂದು ಸಣ್ಣ ಗುಡಿಯಿದೆ. ಗಾಡಿ ಹೊಡೆಯುವವರು ಅದರ ಮುಂದೆ ಇಳಿದು ನಡೆಯುವ ರೂಢಿ.

"ಇಳ್ದು ತಳ್ಕಂಡು ಓಗ್ಬೇಕಿತ್ತು ಕಣ್ಲಾ. ನಮ್ ತಾತನ್ ಕಾಲ್ದಿಂದ್ಲೂ ಎಲ್ಲಾರೂ ಇಳೀತಾರೆ."

"ಭಾವ, ಗುಡಿ ಇನ್ನೂ ಮುಂದಿತ್ತು. ನಾನು ಗುಡಿ ಮುಟ್ಟೋಕೆ ಮುಂಚೇನೇ ಬಿದ್ದೆ."

"ಇಳಿಯೋ ಪೈಕಿ ಅಲ್ಲ ಇವ್ನು ಅಂತ ಮಾರವ್ವನಿಗೆ ಮೊದ್ಲೇ ಗೊತ್ತು."

"ಬಸ್ಸಿನೋರು ಇಳೀತಾರಾ?"

"ಅವ್ರು ಆರನ್ ಒಡೀತಾರೆ. ಅದು ಕೈ ಮುಗ್ದಂಗೆ. ನೀ ಒಡುದ್ಯಾ?"

ಮಂಚದ ಸುತ್ತ ಇದ್ದವರು ತಲೆದೂಗಿದರು. ನಾನು "ಹುರುಳಿ" ಎಂದೆ. "ನೋವ್ನಲ್ಲಿ ಏನೇನೋ ಆಡ್ತಾವ್ನೆ" ಎಂದು ಭಾವ ನಮ್ಮ ಅವ್ವನಿಗೆ ಹೇಳಿದರು. ಇನ್ನೂ ಮಾಡದಿದ್ದ ತಪ್ಪಿಗೆ ಮುಂಗಡವಾಗಿ ಶಿಕ್ಷೆ ಕೊಡುವ ದೇವತೆಯನ್ನು ನಾನು ಯಾವ ಪುರಾಣದಲ್ಲೂ ಓದಿಲ್ಲ. ಮಾರಮ್ಮನ ಮೇಲೆ ನನಗೆ ದೂರಿಲ್ಲ; ಕಣ ಮಾಡಲಾರದ ಸೋಮಾರಿತನಕ್ಕೆ ಆಕೆಯನ್ನು ಅಡ್ಡ ನಿಲ್ಲಿಸಿದವರ ಮೇಲೆ ದೂರು. ನಿಜ ಹೇಳಿದರೆ ಭಾವ ಒಬ್ಬರೇ ಅಲ್ಲ, ರಸ್ತೆಗೆ ಹುರುಳಿ ಹಾಸುವ ಆ ಸಾಲಿನ ಮನೆಗಳೆಲ್ಲವೂ ತಲೆ ತಗ್ಗಿಸಬೇಕಿತ್ತು. ದೇವತೆಯ ಹೆಸರು ಹೇಳಿದರೆ ತಲೆ ತಗ್ಗಿಸಬೇಕಾದವನು ನಾನೊಬ್ಬನೇ.

ಅಣ್ಣನಿಗಂತೂ ಆ ಕಥೆ ಹೇಳಿ ಮಾಡಿಸಿದಂತಿತ್ತು. ಗಾಡಿಯನ್ನು ಗೋಣಿತಾಟು ಮುಚ್ಚಿ ಹಿತ್ತಲಿಗೆ ತಳ್ಳಿಸಿದ. ನಾನು ಮತ್ತೆ ಗಾಡಿ ಹತ್ತುವಂತಾಗುವುದರೊಳಗೆ ಮಾರಿಬಿಡುವುದಾಗಿ ಸಾರಿದ. ಅಂದು ಅವ್ವನ ಎದುರಿಗೇ ನಮ್ಮಿಬ್ಬರಿಗೂ ಜಗಳವಾಯಿತು.

"ಹುರುಳಿ ಅಂತ ಒಬ್ಬರು ಬಾಯಿಬಿಟ್ಟು ಹೇಳಿದ್ರೆ ಗಾಡಿ ಬಿಡ್ತೀಯಾ?" ಎಂದೆ.

"ಭಾವ ಅನ್ಲಿ, ಗಾಡಿ ನಿಂದೇ."

"ಭಾವ ಅನ್ನಲ್ಲ. ನೀನಂದ್ರೆ?"

"ನಾನ್ಯಾಕ್ಲಾ ಅಂದೇನು? ಅಂದ್ರೆ ಅವತ್ತೇ ತಕಂಡೋಗು, ಅವ್ವನೇ ಸಾಕ್ಷಿ," ಎಂದು ನಕ್ಕು ಅಂಗಡಿಗೆ ಹೋದ.

ಆ ವಾರವೇ ಅಕ್ಕ ಒಂದು ಚೀಲ ಹುರುಳಿ ಕಳಿಸಿದಳು. ಮೂಳೆಗೆ ಬಲ ಬರುತ್ತದೆ, ದಿನವೂ ಕಟ್ಟಿನ ಸಾರು ಮಾಡಿ ಹಾಕಿ ಎಂದು ಹೇಳಿಕಳಿಸಿದ್ದಳು. ಯಾವ ಹುರುಳಿ ಎಂದು ಕೇಳುವ ಅಗತ್ಯವಿರಲಿಲ್ಲ. ತಟ್ಟೆಯನ್ನು ದೂರ ತಳ್ಳಿದೆ. "ಕಾಲ್ ಮುರುದದ್ದು ಅದೇ ಆದ್ರೆ ಕೂಡ್ಸೋದೂ ಅದೇ ಮಾಡ್ಲಿ, ಉಣ್ಣು," ಎಂದಳು ನನ್ನ ಹೆಂಡತಿ. ಇಡೀ ಮನೆಯಲ್ಲಿ ನನ್ನ ಮಾತನ್ನು ನಂಬಿದ್ದವಳು ಅವಳೊಬ್ಬಳೇ. ಆದರೂ ಸಾರು ಬಡಿಸುವುದನ್ನು ನಿಲ್ಲಿಸಲಿಲ್ಲ. ಹಸಿವಿಗೆ ಸೋತು ಉಂಡೆ. ಉಂಡಷ್ಟು ಹೊತ್ತೂ ಒಳಗೊಳಗೇ ಕುದಿಯುತ್ತಿದ್ದೆ.

ಕಟ್ಟು ಬಿಚ್ಚಿದಾಗ ಕಾಲು ಸುಲಿದ ಹಿಪ್ಪುನೇರಳೆ ಕಡ್ಡಿಯಂತಾಗಿತ್ತು. ಚರಕಗಳ ನಡುವಿನ ಓಣಿಯಲ್ಲಿ ಬಿದಿರಿನ ಊರುಗೋಲು ಹಿಡಿದು ನಡೆಯುವುದನ್ನು ಮತ್ತೆ ಕಲಿತೆ. ನೂಲು ಬಿಚ್ಚುವ ಹೆಂಗಸರು ಗೂಡು ಬೇಯುವ ಬಾಣಲೆಯಿಂದ ತಲೆಯೆತ್ತಿ, "ಮೆತ್ತಗೆ ಸಾ, ಇಲ್ಲೂ ಮಾರವ್ವ ಅವ್ಳೆ," ಎಂದು ಮುಸಿಮುಸಿ ನಗುತ್ತಿದ್ದರು. ನಗಲಿ. ನಾನು ಮತ್ತೆ ಗಾಡಿ ಹತ್ತುವುದೇ ಸೈ. ಮತ್ತೆ ಹುರುಳಿ ಎದುರಾಗುವುದೂ ಖಂಡಿತ. ಹಾಗಾಗಿ ಬಿದ್ದರೂ ಉಳಿಯುವ ದಾರಿ ನೋಡಬೇಕೆಂದು ತೀರ್ಮಾನಿಸಿದೆ.

ಮೋಟಾರ್ ಸೈಕಲ್ಲಿನವರ ತಲೆಗೆಂದು ಟೋಪಿ ಮಾರುವ ಅಂಗಡಿ ಆಗ ನಮ್ಮ ಊರಲ್ಲಿರಲಿಲ್ಲ. ಮೈಸೂರಿನ ಹಳೆಸಾಮಾನಿನ ಅಂಗಡಿಯಿಂದ ಎರಡು ತರಿಸಿದೆ: ಹಳೆಯ ಸಾಹೇಬರ ಕಾಲದ, ಬೆಂಡಿನಿಂದ ಮಾಡಿದ ಸೋಲಾ ಟೋಪಿ ಒಂದು, ಮಿಲಿಟರಿಯವರ ಕಬ್ಬಿಣದ ಟೋಪಿ ಒಂದು. ಕಬ್ಬಿಣದ್ದಕ್ಕೆ ಗುಂಡು ಬಡಿದರೂ ತಲೆಗೆ ಏನೂ ಆಗದು ಎಂದು ಅಂಗಡಿಯವನು ಆಣೆಯಿಟ್ಟಿದ್ದನಂತೆ. ಬರಿಯ ಬಾಯಿಮಾತು ಕೇಳಿ ಕೇಳಿ ನನಗೆ ಸಾಕಾಗಿತ್ತು. ಹಿತ್ತಲಿನ ಒರಳುಕಲ್ಲಿನ ಪಕ್ಕ ಸೋಲಾ ಟೋಪಿಯೊಳಗೆ ಒಂದು ತೆಂಗಿನಕಾಯಿ ಸಿಕ್ಕಿಸಿ, ಹೆಂಡತಿಯ ಕೈಗೆ ಒನಕೆ ಕೊಟ್ಟೆ. ಒಂದೇ ಏಟಿಗೆ ಟೋಪಿಯೂ ಕಾಯಿಯೂ ಎರಡು ಹೋಳಾದವು. ಕಬ್ಬಿಣದ್ದಕ್ಕೂ ಹಾಗೆಯೇ ಹೊಡೆಸಿದೆ. ಟೋಪಿ ಒಂದಿಷ್ಟೂ ನೆಗ್ಗಲಿಲ್ಲ. ಒಳಗಿನ ಕಾಯಿಯಿಂದ ಮಾತ್ರ ನೀರು ಸೋರಿತು. ಹೊರಗೆ ಗಟ್ಟಿಯಾಗಿದ್ದರೆ ಸಾಲದು, ಏಟನ್ನು ನುಂಗುವ ಮೆತ್ತನೆಯದೊಂದು ಒಳಗಿರಬೇಕು ಎಂಬುದು ಆಗ ಸ್ಪಷ್ಟವಾಯಿತು.

ಮೆತ್ತನೆಯದು ನಮ್ಮ ಮನೆಯಲ್ಲಿ ಬೇಕಾದಷ್ಟಿತ್ತು. ಎಳೆ ಬಾರದ ತೂತುಗೂಡುಗಳನ್ನೂ ನೂಲು ಬಿಚ್ಚಿ ಉಳಿದ ರೇಷ್ಮೆ ಕಸವನ್ನೂ ಬಿಸಿಲಿಗೆ ಒಣಗಿಸಿ, ಹಿಂಜಿ, ಹೆಂಡತಿ ದಪ್ಪನೆಯ ದಿಂಬಿನಂತೆ ಹೊಲಿದು ಟೋಪಿಯ ಒಳಗೆ ಕೂರಿಸಿದಳು. ಮತ್ತೆ ಕಾಯಿ, ಮತ್ತೆ ಒನಕೆ. ಈ ಸಲ ಕಾಯಿ ಉಳಿಯಿತು.

"ಕಾಯಿ ಒಡ್ದೂ ಒಡ್ದೂ, ದೇವ್ರಿಗೂ ಇಲ್ಲ ಚಟ್ನಿಗೂ ಇಲ್ಲ," ಎಂದ ಅಣ್ಣ, ಬಾಗಿಲಲ್ಲಿ ನಿಂತು.

"ತಲೆಗಾಯ್ತು, ಮಂಡಿಗೆ?" ಎಂದಳು ಹೆಂಡತಿ, ಅವನ ಕಡೆ ನೋಡದೆ.

ಪಂಚೆಯ ಕಾಲ ಅಲ್ಲಿಗೆ ಮುಗಿಯಿತು. ಲಾರಿಗೆ ಹೊದಿಸುವ ಟಾರ್ಪಾಲಿನಲ್ಲಿ ಒಂದು ತುಂಬುತೋಳಿನ ಅಂಗಿ, ಮಂಡಿಗೆ ಎರಡು ಪದರ ಚರ್ಮ ಕೊಟ್ಟ ಖಾಕಿ ಪ್ಯಾಂಟು ಹೊಲಿಸಿದೆ. ದರ್ಜಿ ಸೂಜಿ ಮುರಿದುಕೊಂಡು ನನ್ನನ್ನು ಶಪಿಸಿದ. ಹಳೆಯ ಮಿಲಿಟರಿ ಬೂಟು ಕೊಂಡೆ. ನುಣುಪಾದ, ಹೊಳೆಯುವ ಕೈಗವಸೊಂದನ್ನು ತೋರಿಸಿದವನಿಗೆ, ಅದನ್ನು ಗೋಡೆಗೆ ಉಜ್ಜಿ ಹರಿದು ತೋರಿಸಿ, ಒರಟು ತೊಗಲಿನದನ್ನೇ ತೆಗೆದುಕೊಂಡೆ. ಕಣ್ಣಿಗೆ ಚೆಂದ ಕಂಡದ್ದು ಯಾವುದೂ ಡಾಂಬರಿನ ಉಜ್ಜಾಟಕ್ಕೆ ನಿಲ್ಲದು.

ಇಷ್ಟರಲ್ಲಿ ಗಾಡಿ ನೋಡಲು ಯಳಂದೂರಿನಿಂದ ಒಬ್ಬ ಬೆಲ್ಲದ ವ್ಯಾಪಾರಿ ಬಂದ. ಗೋಣಿತಾಟು ತೆಗೆದು ಸುತ್ತ ನೋಡಿದ, ಮೆಚ್ಚಿದ. ಆಮೇಲೆ, "ಇದೇ ಏನು, ಅಮ್ಮ ಕೆಡವಿದ ಗಾಡಿ?" ಎಂದು ಕೇಳಿದ. ಕಥೆ ಬಸ್ಸಿಗಿಂತ ಮುಂಚೆ ಯಳಂದೂರು ಮುಟ್ಟಿತ್ತು. ಅಣ್ಣ ತಡವರಿಸಿದ. "ಅಮ್ಮ ಬ್ಯಾಡ ಅಂದ ಗಾಡಿ ನಮ್ಗ್ಯಾಕೆ ಸ್ವಾಮಿ," ಎಂದು ವ್ಯಾಪಾರಿ ಗಾಡಿಗೇ ಕೈ ಮುಗಿದು ಹೊರಟುಹೋದ.

ಅದಾದ ಸ್ವಲ್ಪ ದಿನಕ್ಕೆ ಮುಳ್ಳೂರಿನ ಕಡೆಯ ರೈತರೊಬ್ಬರು ಗಾಡಿ ಕೇಳಿಕೊಂಡು ಬಂದರು. ಅವರ ಬಾಯಿಂದಲೂ ಮೊದಲು ಹೊರಟದ್ದು ಮಾರಮ್ಮನ ಹೆಸರೇ. ನಾನು ನಡುಮನೆಯಲ್ಲಿ ಬೂಟಿಗೆ ಎಣ್ಣೆ ಹಚ್ಚುತ್ತಿದ್ದೆ. ಜಗುಲಿಯಿಂದ ಅಣ್ಣನ ದನಿ ಏರಿತು.

"ದೇವ್ರೂ ಇಲ್ಲ ದಿಂಡ್ರೂ ಇಲ್ಲ ಸ್ವಾಮಿ! ನಮ್ ಭಾವ ರಸ್ತೆ ತುಂಬ ಹುರ್ಳಿ ಹಾಸಿದ್ರು, ಇವ್ನು ಜಾರ್ದ. ಗಾಡೀದು ಒಂದಿಷ್ಟೂ ತಪ್ಪಿಲ್ಲ. ಓಡಿಸ್ದೋನ್ದೂ ಇಲ್ಲ."

ಊರುಗೋಲು ಹಿಡಿದು ಜಗುಲಿಗೆ ಬಂದೆ. "ಅವ್ವ, ಕೇಳುಸ್ತಾ?"

ಅವ್ವ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. "ಕೇಳುಸ್ತು ಕಣಪ್ಪ. ಮಾತು ಕೊಟ್ಟವ್ನೆ. ಗಾಡಿ ನಿಂದೇ."

"ಅದು ಯಾಪಾರದ ಮಾತು ಕಣವ್ವ!" ಎಂದ ಅಣ್ಣ.

"ಅಂಗಾರೆ ಈ ಯಜಮಾನ್ರ ಮುಂದೆ ಸುಳ್ಳಾಡ್ದ್ಯಾ?"

ರೈತರು ಅಣ್ಣನ ಮುಖವನ್ನೇ ನೋಡುತ್ತ ನಿಂತರು. ಸುಳ್ಳೆಂದರೆ ಅವರ ಮುಂದೆ ಮರ್ಯಾದೆ ಹೋಯಿತು; ನಿಜವೆಂದರೆ ಗಾಡಿ ಹೋಯಿತು. ಅಣ್ಣ ಕೀಲಿಯನ್ನು ಜಗುಲಿಯ ಮೇಲೆ ಎಸೆದ. ನನ್ನ ಕೈಗೆ ಕೊಡಲಿಲ್ಲ.

ಬಗ್ಗಿ ಎತ್ತಿಕೊಂಡೆ. ಸಂತೋಷವಾಗಬೇಕಿತ್ತು, ಮೈಯೆಲ್ಲ ಉರಿಯಿತು. ಆಸ್ಪತ್ರೆಯ ಮಂಚದಲ್ಲಿ ನಾನು ಮೂಳೆ ಮುರಿದುಕೊಂಡು ಕೇಳಿದಾಗ ಸಿಗದ ಒಂದು ಮಾತು, ಅಪರಿಚಿತ ಗಿರಾಕಿಗೆ ತಾನಾಗಿ ಸಿಕ್ಕಿತ್ತು. ಅಂದರೆ ಅಣ್ಣನಿಗೆ ಮೊದಲಿನಿಂದಲೂ ಗೊತ್ತಿತ್ತು.

ಟಾರ್ಪಾಲಿನ ಅಂಗಿ, ಪ್ಯಾಂಟು, ಬೂಟು, ಟೋಪಿ ಎಲ್ಲ ಹಾಕಿಕೊಂಡು ಬೀದಿಗಿಳಿದೆ. ಬೀದಿಯ ಜನ ಸಂತೆಗೆ ಬಂದವರಂತೆ ನೆರೆದರು. ಬಲಗಾಲಿನಲ್ಲಿ ಕಿಕ್ಕರ್ ಒದೆಯುವಾಗ ನೋವು ನೆತ್ತಿಗೇರಿತು. ಹಲ್ಲು ಕಚ್ಚಿ ಮತ್ತೆ ಒದೆದೆ. ಎಂಜಿನ್ ಹತ್ತಿತು. ಬಸ್ ಸ್ಟ್ಯಾಂಡಿನವರೆಗೆ ಹೋಗಿ ಹಿಂದಿರುಗಿದೆ. ಆ ದಿನ ಕಾಲು ತಾಳಿದ್ದು ಅಷ್ಟೇ. ಮನೆಯ ಮುಂದೆ ಗಾಡಿ ನಿಲ್ಲಿಸುವಾಗ, ಟೋಪಿಯ ಮೆತ್ತೆಯ ಒಳಗಿಂದಲೂ ಅಣ್ಣನ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ನೆರೆದಿದ್ದ ಹೆಂಗಸರಿಗೆ ಅವನು ಹೇಳುತ್ತಿದ್ದ: "ಅವತ್ತು ಗುಡಿ ಮುಂದೆ ಇಳೀದೇ ಓದ ಕಣ್ರವ್ವ. ಅಮ್ಮ ಸುಮ್ನೆ ಬುಡ್ತಾಳಾ?"