ಪಾಸ್‌ವರ್ಡ್ ಕೇಳುವ ಮೊದಲೇ

ಕೊಪ್ಪದ ಬಾಳಗಡಿಯ ಕಾಲೇಜಿನಲ್ಲಿ ನಮಗೆ ಕಂಪ್ಯೂಟರ್ ಕಲಿಸಿದ ಮೇಡಂ, ಏನು ಕೆಟ್ಟರೂ ಕನ್ನಡಕವನ್ನು ತಲೆಗೇರಿಸಿ, "ಯಾಕೆ ಅಂತ ನೋಡುವ ಮಾರಾಯ" ಎನ್ನುತ್ತಿದ್ದರು. ಒಮ್ಮೆ ಲ್ಯಾಬಿನ ಸರ್ವರ್ ಪದೇ ಪದೇ ನಿಲ್ಲತೊಡಗಿತು. ಅವರು ವಾರಗಟ್ಟಲೆ ಹುಡುಕಿ ಕಾರಣ ಹಿಡಿದರು. ಸಂಪರ್ಕವನ್ನು ಗುಪ್ತವಾಗಿಡುವ ತಂತ್ರಾಂಶದಲ್ಲೇ ದೋಷವಿತ್ತು. ಪಾಸ್‌ವರ್ಡ್ ಗೊತ್ತಿಲ್ಲದವರೂ ಅರ್ಧಂಬರ್ಧ ಸಂಪರ್ಕಗಳನ್ನು ರಾಶಿ ಹಾಕಿ ಸರ್ವರನ್ನು ನಿಲ್ಲಿಸಬಹುದಿತ್ತು.

"ಫೇಸ್‌ಬುಕ್ಕಲ್ಲಿ ಹಾಕಿ ಮೇಡಂ, ಫೇಮಸ್ ಆಗ್ತೀರಿ" ಎಂದೆ.

"ರಿಪೇರಿ ಆಗೋ ಮೊದ್ಲೇ ಹೇಳಿದ್ರೆ ಇದೇ ತಂತ್ರಾಂಶ ಇರೋ ಆಸ್ಪತ್ರೆ ಸರ್ವರನ್ನೂ ಯಾರಾದ್ರೂ ನಿಲ್ಲಿಸ್ತಾರೆ" ಎಂದ ಮೇಡಂ, ತಂತ್ರಾಂಶ ಮಾಡಿದವರಿಗೆ ಮಾತ್ರ ಬರೆದರು. ಮಾಡಿದವರು ನಂಬದಿದ್ದಾಗ, ಅವರ ಒಪ್ಪಿಗೆ ಪಡೆದು, ವಿಡಿಯೊ ಕಾಲ್‌ನಲ್ಲಿ ಅವರದೇ ಸರ್ವರನ್ನು ನಿಲ್ಲಿಸಿ ತೋರಿಸಿದರು.

ತಿದ್ದಿದ ತಂತ್ರಾಂಶ ಬಂದಾಗ, ಅದರ ಜೊತೆಗಿದ್ದ ಟಿಪ್ಪಣಿಯ ಕೃತಜ್ಞತೆಯ ಸಾಲಿನಲ್ಲಿ ಮೇಡಂ ಹೆಸರಿನ ಪಕ್ಕ 'ಕೊಪ್ಪ' ಎಂದಿತ್ತು. ಇಡೀ ತರಗತಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವರು ಕಣ್ಣೊರೆಸಿಕೊಂಡು, "ಊರಿನ ಹೆಸರು ಹಾಕಿ ಅಂತ ನಾನೇ ಕೇಳಿದ್ದೆ" ಎಂದರು.